ತಾರಸಿಗೆ ಸೋಲಾರ್: ಪ್ಯಾನೆಲ್ ಕಂಪನಿಗಿಂತ ಮೊದಲು ನೋಡಬೇಕಾದದ್ದು

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮನೆ ಸೋಲಾರ್‌ಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆ ಘೋಷಿಸಿದ ಮೇಲೆ ಮನೆ ಸೋಲಾರ್ ಮಾತು ಊರೂರಿಗೂ ಬಂದಿದೆ. ಸ್ನಾನದ ನೀರು ಕಾಯಿಸುವ ಹೀಟರ್ ನಮ್ಮ ತಾರಸಿಗಳಿಗೆ ಹಳೆಯ ಪರಿಚಯ. ಇಲ್ಲಿ ಹೇಳುತ್ತಿರುವುದು ಬಿಸಿಲಿನಿಂದ ಕರೆಂಟ್ ಮಾಡುವ ಪ್ಯಾನೆಲ್‌ಗಳ ಬಗ್ಗೆ. ಕೊಟೇಶನ್ ತರಿಸಿ ನೋಡಿ: ಪ್ಯಾನೆಲ್ ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಕಬ್ಬಿಣ, ಕೇಬಲ್, ಅರ್ಥಿಂಗ್ ಎಲ್ಲ ಸೇರಿ ಒಂದೇ ಸಾಲಿನಲ್ಲಿ ‘ಸ್ಟ್ಯಾಂಡರ್ಡ್’ ಎಂದು ಮುಗಿದಿರುತ್ತದೆ. ಆದರೆ ಮನೆ ಸೋಲಾರ್‌ನಲ್ಲಿ ಪ್ಯಾನೆಲ್ ಕೈಕೊಡುವುದು ಅಪರೂಪ. ತೊಂದರೆ ಬರುವುದು ನೆರಳಿನಿಂದ, ಸ್ಟ್ಯಾಂಡಿನ ಸಡಿಲ ಕಾಲುಗಳಿಂದ, ಸರಿಯಾಗಿ ಕೂರದ ಕನೆಕ್ಟರ್‌ಗಳಿಂದ, ಇಲ್ಲದ ಅರ್ಥಿಂಗ್‌ನಿಂದ. 25 ವರ್ಷ ಬಿಸಿಲು, ಮಳೆ, ಗಾಳಿಯಲ್ಲಿ ನಿಲ್ಲಬೇಕಾದ ಸಾಮಾನು ಇದು. ಹಾಗಾಗಿ ನೋಡುವುದನ್ನು ತಾರಸಿಯಿಂದಲೇ ಶುರು ಮಾಡಬೇಕು.

ಕರ್ನಾಟಕದ ಒಂದು ಆರ್‌ಸಿಸಿ ಮನೆ, ಅದರ ಮೇಲೆ 3 ಕಿಲೋವ್ಯಾಟ್ ಸೋಲಾರ್ ಎಂಬ ಲೆಕ್ಕ ಇಟ್ಟುಕೊಂಡು ಮುಂದೆ ಹೋಗೋಣ. ಹೆಚ್ಚಿನ ಮನೆಗಳಿಗೆ ಹೊಂದುವ ಅಳತೆ ಅದು.

ಎಷ್ಟು ಕಿಲೋವ್ಯಾಟ್ ಬೇಕು?

ಕಿಲೋವ್ಯಾಟ್ ಎಂದರೆ ಸಾಮರ್ಥ್ಯ. ಯೂನಿಟ್ ಎಂದರೆ ಉತ್ಪತ್ತಿಯಾದ ಕರೆಂಟ್. 1 ಕಿಲೋವ್ಯಾಟ್ ಒಂದು ಗಂಟೆ ಪೂರ್ತಿ ಶಕ್ತಿಯಲ್ಲಿ ಓಡಿದರೆ 1 ಯೂನಿಟ್. ನಮ್ಮ ರಾಜ್ಯದಲ್ಲಿ ನೆರಳಿಲ್ಲದ ತಾರಸಿಯ ಮೇಲೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಫೆಬ್ರವರಿ, ಮಾರ್ಚ್‌ನ ಸ್ವಚ್ಛ ಬಿಸಿಲಲ್ಲಿ 5ರ ಹತ್ತಿರ ಹೋಗುತ್ತದೆ. ಜುಲೈನಲ್ಲಿ ಮೋಡ ಮುಚ್ಚಿದ ದಿನ 2ಕ್ಕಿಂತಲೂ ಕೆಳಗಿಳಿಯುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದ ನಾಲ್ಕು ತಿಂಗಳಿಗೆ ಕಡಿಮೆಯನ್ನೇ ಲೆಕ್ಕ ಹಿಡಿಯಬೇಕು.

ಲೆಕ್ಕ ಸುಲಭ. ಕಳೆದ ಹನ್ನೆರಡು ತಿಂಗಳ ಬಿಲ್ ತೆಗೆದು ಯೂನಿಟ್‌ಗಳ ತಿಂಗಳ ಸರಾಸರಿ ಹಿಡಿದು 120ರಿಂದ ಭಾಗಿಸಿ. 300 ಯೂನಿಟ್ ಬಳಸುವ ಮನೆಗೆ ಎರಡೂವರೆ ಕಿಲೋವ್ಯಾಟ್ ಸಾಕು. ಬರೀ ಏಪ್ರಿಲ್ ಬಿಲ್ ನೋಡಿ ಲೆಕ್ಕ ಹಾಕಿದರೆ ಅಗತ್ಯಕ್ಕಿಂತ ದೊಡ್ಡದು ಕೊಂಡಂತಾಗುತ್ತದೆ.

ಗೃಹಜ್ಯೋತಿಯಲ್ಲಿ ಪ್ರತಿ ತಿಂಗಳೂ ಬಿಲ್ ಸೊನ್ನೆ ಬರುತ್ತಿರುವ ಮನೆಯಲ್ಲಿ ಸೋಲಾರ್‌ನಿಂದ ಉಳಿಯುವ ಹಣವೇ ಇಲ್ಲ. ಅಂಥವರು ಆತುರಪಡಬೇಕಿಲ್ಲ. ತಿಂಗಳ ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರಿಗೆ, ಎಸಿ ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಇರುವವರಿಗೆ ಲಾಭ ಸ್ಪಷ್ಟ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಪ್ಯಾನೆಲ್ 540ರಿಂದ 550 ವ್ಯಾಟಿನದು. ಉದ್ದ ಸುಮಾರು 2.28 ಮೀಟರ್, ಅಗಲ 1.13 ಮೀಟರ್, ತೂಕ 28 ಕೆಜಿಯ ಆಸುಪಾಸು. ಇಂಥ ಆರು ಹಾಕಿದರೆ 3.2 ಕಿಲೋವ್ಯಾಟ್ ದಾಟುತ್ತದೆ. ಗಾಜಿನ ವಿಸ್ತೀರ್ಣವೇ 165 ಚದರಡಿ. ನಡುವೆ ಓಡಾಡಲು, ತೊಳೆಯಲು ಜಾಗ ಸೇರಿಸಿ 250ರಿಂದ 300 ಚದರಡಿ ಬೇಕು. 30×40 ಸೈಟಿನ ಮನೆಯಲ್ಲಿ ಟ್ಯಾಂಕ್, ಹೀಟರ್, ಮೆಟ್ಟಿಲಿನ ಕೋಣೆ ಕಳೆದ ಮೇಲೆ ಇಷ್ಟು ಉಳಿಯುತ್ತದೆಯೇ ಎಂದು ಮೊದಲು ಟೇಪ್ ಹಿಡಿದು ಅಳೆಯಿರಿ.

ನೆರಳು

ಕೊಟೇಶನ್ ಕೊಡಲು ಬಂದವರು ತಾರಸಿ ಹತ್ತದೆ, ಕೆಳಗೇ ನಿಂತು ಬೆಲೆ ಹೇಳಿದರೆ ಅವರನ್ನು ಬಿಡುವುದು ಒಳ್ಳೆಯದು. ನೆರಳು ಯಾಕೆ ಅಷ್ಟು ಮುಖ್ಯ ಎಂದರೆ, ಪ್ಯಾನೆಲ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸಾಲಾಗಿ ಜೋಡಿಸುತ್ತಾರೆ. ಇದಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ತೋಟಕ್ಕೆ ನೀರು ಬಿಡುವ ಪೈಪನ್ನು ಒಂದು ಕಡೆ ತುಳಿದು ನಿಂತರೆ ಕೊನೆಯವರೆಗೂ ನೀರು ಕಡಿಮೆಯಾಗುವುದಿಲ್ಲವೇ, ಹಾಗೆ ಒಂದು ಪ್ಯಾನೆಲ್ ಮೇಲೆ ಬಿದ್ದ ನೆರಳು ಇಡೀ ಸಾಲಿನ ಕರೆಂಟನ್ನು ಹಿಡಿದು ನಿಲ್ಲಿಸಬಲ್ಲದು. ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಬೇರೆ ದಾರಿಯಲ್ಲಿ ಹರಿಯಲು ಅವು ಬಿಡುತ್ತವೆ. ಆದರೆ ಆ ಭಾಗದ ಉತ್ಪತ್ತಿ ಹೋದಂತೆಯೇ. ದಿನವೂ ಅದೇ ಜಾಗದಲ್ಲಿ ನೆರಳು ಬೀಳುತ್ತಿದ್ದರೆ ಅಲ್ಲಿನ ಸೆಲ್ (ಕರೆಂಟ್ ಹುಟ್ಟಿಸುವ ತುಣುಕು) ಬಿಸಿಯಾಗುತ್ತದೆ, ಡಯೋಡ್ ಸವೆಯುತ್ತದೆ.

ಯಾವಾಗ ನೋಡಬೇಕು? ಡಿಸೆಂಬರ್ ಕೊನೆಯ ವಾರಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಅತಿ ಉದ್ದ. ಬೆಂಗಳೂರಿನ ಅಕ್ಷಾಂಶದಲ್ಲಿ ಆಗ ಬೆಳಿಗ್ಗೆ 9ರ ಹೊತ್ತಿಗೆ ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಸುಮಾರು ಒಂದೂವರೆ ಪಟ್ಟು ಇರುತ್ತದೆ, ವಾಯವ್ಯದ ಕಡೆ ಚಾಚಿರುತ್ತದೆ. ಮಧ್ಯಾಹ್ನ 3ಕ್ಕೆ ಹೆಚ್ಚುಕಡಿಮೆ ಅಷ್ಟೇ ಉದ್ದ ಈಶಾನ್ಯದ ಕಡೆ. ಅಂದರೆ ಆರಡಿ ಎತ್ತರದ ಸಿಂಟೆಕ್ಸ್ ಟ್ಯಾಂಕ್‌ನ ನೆರಳು ಒಂಬತ್ತು ಅಡಿ. ಟ್ಯಾಂಕ್‌ನ ಉತ್ತರಕ್ಕೆ ಪ್ಯಾನೆಲ್ ಇಡುವುದಾದರೆ ಅಷ್ಟು ಜಾಗ ಬಿಡಬೇಕು. ದಕ್ಷಿಣಕ್ಕೆ ಇಟ್ಟರೆ ಈ ತಲೆನೋವು ಬಹುಪಾಲು ಇಲ್ಲ.

ಬಹುಪಾಲು ಎಂದದ್ದಕ್ಕೂ ಕಾರಣವಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮತ್ತೆ ದಕ್ಷಿಣಕ್ಕೆ ಮರಳುತ್ತಾನೆ. ನಡುವಿನ ತಿಂಗಳುಗಳಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಆದರೆ ಗಿಡ್ಡ. ಆರಡಿ ಟ್ಯಾಂಕ್‌ಗೆ ಒಂದಡಿ ಎಂದು ಹಿಡಿದರೆ ಸಾಕು. ಇದೇ ಕಾರಣಕ್ಕೆ ನಮ್ಮಲ್ಲಿ ದಿಕ್ಕಿನ ಬಗ್ಗೆ ಅತಿಯಾಗಿ ಹಟ ಹಿಡಿಯಬೇಕಿಲ್ಲ. ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿ ಓರೆ ಕೊಡುವುದು ಒಳ್ಳೆಯದು. ಜಾಗವಿಲ್ಲದೆ ಪೂರ್ವಕ್ಕೋ ಪಶ್ಚಿಮಕ್ಕೋ ಕಡಿಮೆ ಓರೆಯಲ್ಲಿ ಇಟ್ಟರೂ ವರ್ಷದ ನಷ್ಟ ಸಣ್ಣದೇ. ನೆರಳಲ್ಲಿರುವ ದಕ್ಷಿಣಕ್ಕಿಂತ ಬಿಸಿಲಲ್ಲಿರುವ ಪಶ್ಚಿಮ ಲೇಸು. ಓರೆಯೇ ಇಲ್ಲದೆ ಮಟ್ಟಸವಾಗಿ ಮಲಗಿಸಿದರೆ ಮಾತ್ರ ಕೆಳಗಿನ ಅಂಚಿನಲ್ಲಿ ನೀರು ನಿಂತು, ಧೂಳು ಕೆಸರಾಗಿ ಅಲ್ಲೇ ಒಣಗಿ ಪಟ್ಟಿ ಕಟ್ಟುತ್ತದೆ.

ಎರಡು ಸಾಲು ಹಾಕುವಾಗ ಮುಂದಿನ ಸಾಲಿನ ನೆರಳು ಹಿಂದಿನದರ ಮೇಲೆ ಬೀಳದಿರಬೇಕು. ನಿಲುವಾಗಿ ಇಟ್ಟು 15 ಡಿಗ್ರಿ ಓರೆ ಕೊಟ್ಟರೆ ಪ್ಯಾನೆಲ್‌ನ ಹಿಂಬದಿ ಮುಂಬದಿಗಿಂತ ಸುಮಾರು ಎರಡಡಿ ಮೇಲೇಳುತ್ತದೆ. ನಡುವೆಯೂ ಎರಡಡಿ ಬಿಟ್ಟರೆ ಸಾಕು.

ಇವತ್ತಿನ ನೆರಳಷ್ಟೇ ಅಲ್ಲ, ನಾಳೆಯದನ್ನೂ ನೋಡಿ. ದಕ್ಷಿಣದ ಪಕ್ಕದ ಸೈಟ್ ಖಾಲಿ ಇದ್ದರೆ ಅಲ್ಲಿ ಮೂರು ಅಂತಸ್ತು ಏಳಬಹುದು. ಕಾಂಪೌಂಡಿನ ಎಳೆಯ ತೆಂಗಿನ ಸಸಿ ಹತ್ತು ವರ್ಷಕ್ಕೆ ತಾರಸಿ ದಾಟಬಹುದು. ನೆರಳು ತಪ್ಪಿಸಲಾಗದ ತಾರಸಿಯಾದರೆ ಪ್ರತಿ ಪ್ಯಾನೆಲ್‌ಗೂ ಬೇರೆ ಬೇರೆ ಮೈಕ್ರೋ ಇನ್ವರ್ಟರ್ ಅಥವಾ ಆಪ್ಟಿಮೈಸರ್ (ಒಂದೊಂದು ಪ್ಯಾನೆಲ್ಲಿನ ಕರೆಂಟನ್ನು ಬೇರೆಯಾಗಿ ನಿಭಾಯಿಸುವ ಸಣ್ಣ ಸಾಧನ) ಹಾಕಿಸಬಹುದು. ಖರ್ಚು ಏರುತ್ತದೆ, ಆದರೆ ಒಂದರ ನೆರಳು ಇನ್ನೊಂದಕ್ಕೆ ತಟ್ಟುವುದಿಲ್ಲ.

ತಾರಸಿ ತೂಕ ತಡೆಯುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ ತೂಕದ್ದು. ನಿಜವಾಗಿ ಚಿಂತಿಸಬೇಕಾದದ್ದು ಗಾಳಿಯದ್ದು. ಓಡಾಡುವ ತಾರಸಿಯನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ 150 ಕೆಜಿ ಹೊರೆ ತಡೆಯುವಂತೆ ವಿನ್ಯಾಸ ಮಾಡುತ್ತಾರೆ. ಪ್ಯಾನೆಲ್, ಅದನ್ನು ಹೊರುವ ಕಬ್ಬಿಣದ ಸ್ಟ್ರಕ್ಚರ್ ಸೇರಿ ಚದರ ಮೀಟರಿಗೆ 15ರಿಂದ 20 ಕೆಜಿ ಅಷ್ಟೆ. ಗಟ್ಟಿಮುಟ್ಟಾದ ಆರ್‌ಸಿಸಿಗೆ ಅದು ಹೊರೆಯೇ ಅಲ್ಲ. ಕಾಲುಗಳು ಆದಷ್ಟೂ ಗೋಡೆ, ಬೀಮ್‌ಗಳ ಮೇಲೆ ಬರುವಂತೆ ನೋಡಿಕೊಂಡರಾಯಿತು.

ಗಾಳಿಯ ಲೆಕ್ಕ ಬೇರೆ. ಮಾನಕದಲ್ಲಿ ಬೆಂಗಳೂರಿಗೆ ನಿಗದಿ ಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್; ಮಂಗಳೂರಿಗೆ 39 ಮೀಟರ್. ಬೆಂಗಳೂರಿನ ಆ ವೇಗದಲ್ಲಿ ಚದರ ಮೀಟರಿಗೆ ಸುಮಾರು 66 ಕೆಜಿಯಷ್ಟು ಒತ್ತಡ ಬೀಳುತ್ತದೆ. ಒಂದು ಪ್ಯಾನೆಲ್‌ಗೆ 170 ಕೆಜಿ! ಮಂಗಳೂರಿನಲ್ಲಿ 240ರ ಹತ್ತಿರ. ಓರೆ, ಎತ್ತರ, ಪ್ಯಾರಾಪೆಟ್ ಗೋಡೆಯ ಆಸರೆ ನೋಡಿಕೊಂಡು ಇದು ಹೆಚ್ಚು ಕಡಿಮೆಯಾಗುತ್ತದೆ. ಆದರೆ ಪ್ಯಾನೆಲ್‌ನ ಸ್ವಂತ ತೂಕ ಬರೀ 28 ಕೆಜಿ ಎಂಬುದನ್ನು ನೆನಪಿಡಿ. ಕೆಳಗಿನಿಂದ ನುಗ್ಗುವ ಗಾಳಿ ಅದನ್ನು ಎತ್ತಲು ನೋಡುತ್ತದೆ.

ಹಿಡಿದಿಡಲು ಎರಡು ದಾರಿ. ಒಂದು, ಕಾಲುಗಳ ಕೆಳಗೆ ಕಾಂಕ್ರೀಟ್ ಬ್ಲಾಕ್ ಹಾಕುವುದು. ತಾರಸಿಗೆ ತೂತು ಬೀಳುವುದಿಲ್ಲ. ಆದರೆ ಒಂದು ಘನ ಅಡಿ ಕಾಂಕ್ರೀಟ್ ತೂಗುವುದು 68 ಕೆಜಿ. ಎಂಟು ಕಾಲಿಗೆ ಎಂಟು ಬ್ಲಾಕ್ ಎಂದರೆ 544 ಕೆಜಿ. ಮೇಲಿನ ಲೆಕ್ಕದಂತೆ ಆರು ಪ್ಯಾನೆಲ್ ಮೇಲೆ ಬರುವ ಒತ್ತಡ ಸಾವಿರ ಕೆಜಿ ದಾಟುತ್ತದೆ. ತಗ್ಗಿನಲ್ಲಿ, ಪ್ಯಾರಾಪೆಟ್ ಮರೆಯಲ್ಲಿ ಕಡಿಮೆ ಓರೆಯಿಟ್ಟ ಸ್ಟ್ರಕ್ಚರಿಗೆ ಬ್ಲಾಕ್ ಸಾಕಾಗಬಹುದು. ಕೆಳಗೆ ಓಡಾಡಲು ಬರಲಿ ಎಂದು ಎಂಟಡಿ ಎತ್ತರಕ್ಕೆ ಏರಿಸಿದ್ದಕ್ಕೆ ಖಂಡಿತ ಸಾಲದು.

ಎರಡನೆಯದು, ಸ್ಲ್ಯಾಬ್ ಕೊರೆದು ರಾಸಾಯನಿಕ ಅಂಟಿನೊಂದಿಗೆ ಬೋಲ್ಟ್ ಕೂರಿಸುವುದು. ಇದಕ್ಕೆ ಕೆಮಿಕಲ್ ಆ್ಯಂಕರ್ ಎನ್ನುತ್ತಾರೆ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ, ತಾರಸಿಯ ಮೇಲೆ ನೀರು ಹರಿಯಲೆಂದು ಎರಡು ಮೂರು ಇಂಚು ಗಾರೆ ಹಾಕಿರುತ್ತಾರೆ. ಬೋಲ್ಟ್ ಆ ಗಾರೆಯಲ್ಲೇ ನಿಂತುಬಿಡುತ್ತದೆ, ಸ್ಲ್ಯಾಬ್ ಮುಟ್ಟುವುದೇ ಇಲ್ಲ. ಗಾಳಿ ಎತ್ತಿದಾಗ ಗಾರೆಯನ್ನೇ ಕಿತ್ತುಕೊಂಡು ಮೇಲೇಳುತ್ತದೆ. ಹಾಗೆಂದು ಆಳಕ್ಕೆ ಕೊರೆದರೆ ಮನೆ ಸ್ಲ್ಯಾಬ್ ದಪ್ಪವೇ ನಾಲ್ಕೂವರೆಯಿಂದ ಐದು ಇಂಚು, ಒಳಗೆ ವೈರಿನ ಪೈಪುಗಳಿರುತ್ತವೆ. ಗಾರೆಯ ದಪ್ಪ ಮೊದಲು ಪರೀಕ್ಷಿಸಿ, ಸ್ಲ್ಯಾಬಿನೊಳಗೆ ಸುಮಾರು 3 ಇಂಚು ಹೋಗುವಷ್ಟು ಉದ್ದದ ಬೋಲ್ಟ್ ತರಿಸಬೇಕು. ತೂತಿನ ಧೂಳನ್ನು ಊದಿ ತೆಗೆಯದಿದ್ದರೆ ಅಂಟು ಹಿಡಿಯುವುದು ಧೂಳನ್ನೇ. ಕೊನೆಗೆ ಪ್ರತಿ ಕಾಲಿನ ಬುಡಕ್ಕೂ ಸಣ್ಣ ಕಾಂಕ್ರೀಟ್ ಪೀಠ ಕಟ್ಟಿ, ವಾಟರ್‌ಪ್ರೂಫಿಂಗ್ ಬಳಿಯಬೇಕು.

ತಾರಸಿ ಈಗಾಗಲೇ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಮೇಲೆ ಪ್ಯಾನೆಲ್ ನಿಂತ ಮೇಲೆ ಬಿಚ್ಚಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಮತ್ತೆ ಕಟ್ಟಿಸುವ ಕೂಲಿ ಕಡಿಮೆಯಲ್ಲ.

ಹಳೆಯ ಬೆಂಗಳೂರು, ಮೈಸೂರಿನ ಮದ್ರಾಸ್ ತಾರಸಿಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿರುತ್ತಾರೆ. ಅದನ್ನು ಕೊರೆಯಲೇಬಾರದು, ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆ ಹಾಯಿಸಿ ಅದರ ಮೇಲೆ ಕಟ್ಟಬೇಕು. ಮಂಗಳೂರು ಹೆಂಚಿನ ಮನೆಯಾದರೆ ಹೆಂಚು ಎತ್ತಿ, ಕೆಳಗಿನ ಪಕ್ಕಾಸಿಗೆ ಕೊಕ್ಕೆ ಬಿಗಿದು, ಪ್ಯಾನೆಲ್ ಹೊರುವ ಲೋಹದ ಪಟ್ಟಿ (ರೈಲು) ಕೂರಿಸುತ್ತಾರೆ. ಬರೀ ರೀಪಿಗೆ ಬಿಗಿದರೆ ನಿಲ್ಲದು. ಗೆದ್ದಲು ತಿಂದ ಪಕ್ಕಾಸನ್ನು ಮೊದಲೇ ಬದಲಿಸಬೇಕು.

ಕಬ್ಬಿಣದ ವಿಷಯದಲ್ಲಿ ಒಂದು ಮಾತು. ಬಿಸಿ ಸತುವಿನಲ್ಲಿ ಅದ್ದಿ ತೆಗೆದ, 80 ಮೈಕ್ರಾನ್ ಲೇಪನದ ಜಿಐ ಕೇಳಿ, ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಸಾದಾ ಕಬ್ಬಿಣಕ್ಕೆ ಬೆಳ್ಳಿ ಬಣ್ಣ ಬಳಿದದ್ದು ದೂರದಿಂದ ಹಾಗೇ ಕಾಣುತ್ತದೆ, ಕೆಲವೇ ಮಳೆಗಾಲಗಳಲ್ಲಿ ತುಕ್ಕು ಇಳಿಸುತ್ತದೆ. ತಾರಸಿಯ ಮೇಲೆಯೇ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಬೋಲ್ಟ್ ಹಾಕಿ ಜೋಡಿಸಿದ್ದೇ ಮೇಲು. ಬೋಲ್ಟ್‌ಗಳು ಸ್ಟೇನ್‌ಲೆಸ್ ಸ್ಟೀಲಿನವು ಇರಲಿ.

ಕರೆಂಟ್ ಹೋದಾಗ ಸೋಲಾರ್ ಯಾಕೆ ನಿಲ್ಲುತ್ತದೆ?

ಹಾಕಿಸಿದ ಮೇಲೆ ಬಹಳ ಜನ ನಿರಾಶರಾಗುವುದು ಇಲ್ಲಿ. ಪ್ಯಾನೆಲ್ ಕೊಡುವುದು ಬ್ಯಾಟರಿಯಂಥ ಡಿಸಿ ಕರೆಂಟ್. ಇನ್ವರ್ಟರ್ ಅದನ್ನು ಮನೆಯ ಎಸಿ ಕರೆಂಟಾಗಿ ಬದಲಿಸುತ್ತದೆ. ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಇನ್ವರ್ಟರ್ ಬೀದಿಯ ಲೈನಿನ ತಾಳಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತದೆ. ಲೈನ್ ಹೋದ ಕೂಡಲೇ ಅದೂ ನಿಲ್ಲಬೇಕು, ಅದು ನಿಯಮ. ನಿಲ್ಲದಿದ್ದರೆ ನಿಮ್ಮ ತಾರಸಿಯ ಕರೆಂಟ್ ಲೈನಿಗೆ ಹರಿದು, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮ್ಯಾನ್ ಜೀವಕ್ಕೆ ಎರವಾಗುತ್ತದೆ.

ಪವರ್ ಕಟ್ ಹೊತ್ತಿಗೂ ಬೇಕೆಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು. ಫ್ರಿಜ್, ಲೈಟು, ಫ್ಯಾನ್‌ಗಳ ವೈರಿಂಗ್ ಬೇರ್ಪಡಿಸಿ ಅದಕ್ಕೆ ಕೊಡಬೇಕು. ದಿನಕ್ಕೆ ಒಂದೆರಡು ಗಂಟೆ ಮಾತ್ರ ಕರೆಂಟ್ ಹೋಗುವ ಊರಲ್ಲಿ ಈಗಿರುವ ಯುಪಿಎಸ್ ಅನ್ನು ಹಾಗೇ ಉಳಿಸಿಕೊಂಡು, ಸೋಲಾರನ್ನು ಆನ್‌ಗ್ರಿಡ್ ಮಾಡುವುದೇ ಅಗ್ಗ.

ಇನ್ನೊಂದು ತೊಂದರೆ ಹಳ್ಳಿಗಳ ಲೈನಿನ ತುದಿಯ ಮನೆಗಳಲ್ಲಿ ಕಾಣುತ್ತದೆ. ಮಧ್ಯಾಹ್ನ ವೋಲ್ಟೇಜ್ ಏರಿದಾಗ ಇನ್ವರ್ಟರ್ ತಾನಾಗಿಯೇ ಕಡಿದುಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಸೇರುತ್ತದೆ. ಒಳ್ಳೆಯ ಬಿಸಿಲಿನ ಹೊತ್ತೇ ನಷ್ಟ. ಇನ್ವರ್ಟರಿನಿಂದ ಮೀಟರ್‌ವರೆಗಿನ ಕೇಬಲ್ ತೆಳುವಾಗಿದ್ದರೂ ಹೀಗಾಗುತ್ತದೆ. ದಪ್ಪ ಕೇಬಲ್ ಹಾಕಿಸಿ. ಆಮೇಲೂ ಸರಿಹೋಗದಿದ್ದರೆ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ವೋಲ್ಟೇಜ್ ದೂರು ಕೊಡಿ.

ವೈರು, ಕನೆಕ್ಟರ್, ಅರ್ಥಿಂಗ್

ಆರು ಪ್ಯಾನೆಲ್ ಸಾಲಾಗಿ ಸೇರಿದಾಗ ವೋಲ್ಟೇಜ್ 300ರ ಹತ್ತಿರ ಹೋಗುತ್ತದೆ, ಅದೂ ಡಿಸಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ಬೇಗ ಆರುತ್ತದೆ. ಡಿಸಿ ಹಾಗೆ ಇಳಿಯುವುದೇ ಇಲ್ಲ. ಒಮ್ಮೆ ಹೊತ್ತಿದ ಕಿಡಿ ಎಳೆದಷ್ಟೂ ಉರಿಯುತ್ತದೆ. ಆದ್ದರಿಂದ ಪ್ಯಾನೆಲ್ ಕಡೆಗೆ ಡಿಸಿಗೆಂದೇ ಮಾಡಿದ ಎಂಸಿಬಿ (ಅಪಾಯವಾದಾಗ ತಾನೇ ಆಫ್ ಆಗುವ ಸ್ವಿಚ್), ಫ್ಯೂಸ್ ಇರಬೇಕು. ಮನೆಯ ಸಾದಾ ಎಂಸಿಬಿ ಹಾಕಿದರೆ ಆಫ್ ಮಾಡುವಾಗ ಅದರೊಳಗೇ ಬೆಂಕಿ ಹತ್ತಬಹುದು.

ಕೇಬಲ್ 4 ಚದರ ಮಿಲಿಮೀಟರಿನ ತಾಮ್ರದ್ದು, ಬಿಸಿಲು ತಡೆಯುವ ಸೋಲಾರ್ ಡಿಸಿ ಕೇಬಲ್ ಆಗಿರಬೇಕು. ಸಾದಾ ಪಿವಿಸಿ ವೈರಿನ ಹೊದಿಕೆ ಬಿಸಿಲಿಗೆ ಬಿರಿಯುತ್ತದೆ. ಪ್ಯಾನೆಲ್‌ಗಳನ್ನು ಸೇರಿಸುವ ಎಂಸಿ4 ಕನೆಕ್ಟರ್‌ಗಳಲ್ಲಿ ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದರದು ಆಗಬಾರದು. ‘ಟಕ್’ ಎಂದು ಕೂತರೂ ಒಳಗಿನ ಲೋಹ ಪೂರ್ತಿ ತಾಗಿರುವುದಿಲ್ಲ, ಕಾದು ಕರಗುತ್ತದೆ. ತಾರಸಿ ಸೋಲಾರ್ ಬೆಂಕಿಗಳಿಗೆ ಇದೊಂದು ಸಾಮಾನ್ಯ ಕಾರಣ. ಇಕ್ಕಳದಲ್ಲಿ ಹಿಸುಕಿ ಕೂರಿಸುವುದೂ ತಪ್ಪು, ಅದಕ್ಕೆ ಬೇರೆಯೇ ಕ್ರಿಂಪಿಂಗ್ ಉಪಕರಣವಿದೆ. ಕೇಬಲ್ ತಾರಸಿಯ ನೆಲಕ್ಕೆ ತಾಗಿ ಮಳೆನೀರಲ್ಲಿ ಬಿದ್ದಿರಬಾರದು.

ಅರ್ಥಿಂಗ್ ಗುಂಡಿ ಮೂರು ಬೇಕು: ಪ್ಯಾನೆಲ್ ಚೌಕಟ್ಟು ಮತ್ತು ಸ್ಟ್ರಕ್ಚರಿಗೆ ಒಂದು, ಇನ್ವರ್ಟರ್ ಹಾಗೂ ಎಸಿ ಬದಿಗೆ ಒಂದು, ಸಿಡಿಲು ತಡೆಗೆ ಒಂದು. ಖರ್ಚು ಉಳಿಸಲು ಮೂರನ್ನೂ ಒಂದೇ ಗುಂಡಿಗೆ ಇಳಿಸುವವರಿದ್ದಾರೆ. ಆಗ ಸಿಡಿಲಿನ ಹೊಡೆತ ಇನ್ವರ್ಟರಿಗೂ ಹಂಚಿಕೆಯಾಗುತ್ತದೆ. ಅರ್ಥ್ ರೋಧ 5 ಓಮ್‌ಗಿಂತ ಕಡಿಮೆ ಇರುವುದನ್ನು ನಿಮ್ಮೆದುರೇ ಅಳೆದು ತೋರಿಸಲು ಹೇಳಿ. ಸಿಡಿಲು ತಡೆ ಕಂಬವನ್ನು ಪ್ಯಾನೆಲ್‌ನ ಉತ್ತರಕ್ಕೆ ನಿಲ್ಲಿಸಿದರೆ ಅದರ ನೆರಳು ಹೆಚ್ಚು ಕಾಡುವುದಿಲ್ಲ. ದೂರದಲ್ಲಿ ಸಿಡಿಲು ಬಿದ್ದಾಗ ವೈರಿನಲ್ಲಿ ಹರಿದು ಬರುವ ಹೊಡೆತವನ್ನು ಈ ಕಂಬ ತಡೆಯದು. ಅದಕ್ಕೆ ಎಸಿ, ಡಿಸಿ ಎರಡೂ ಡಬ್ಬಿಗಳಲ್ಲಿ ಎಸ್‌ಪಿಡಿ ಎಂಬ, ಆ ಹೊಡೆತ ತಡೆಯುವ ಸಾಧನ ಬೇಕು. ಅದರ ಪುಟ್ಟ ಕಿಟಕಿ ಹಸಿರಿದ್ದದ್ದು ಕೆಂಪಾದರೆ ಬದಲಿಸಬೇಕು.

ನೆಟ್ ಮೀಟರ್ ಮತ್ತು ಸಬ್ಸಿಡಿ

ನೆಟ್ ಮೀಟರ್ ಎರಡೂ ಕಡೆ ಎಣಿಸುತ್ತದೆ. ತಿಂಗಳಿಗೆ 350 ಯೂನಿಟ್ ಉತ್ಪತ್ತಿಯಾಗಿ, ಹಗಲಲ್ಲಿ ಮನೆಯೇ 100 ಬಳಸಿದರೆ 250 ಲೈನಿಗೆ ಹೋಗುತ್ತದೆ. ರಾತ್ರಿ ಲೈನಿನಿಂದ 200 ಬಂದರೆ ನಿಮ್ಮ ಲೆಕ್ಕದಲ್ಲಿ 50 ಹೆಚ್ಚು. ಆ ಹೆಚ್ಚುವರಿಗೆ ಕೆಇಆರ್‌ಸಿ (ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ) ನಿಗದಿ ಮಾಡಿದ ದರ ಸಿಗುತ್ತದೆ. ಅದು ನೀವು ಕೊಳ್ಳುವ ದರಕ್ಕಿಂತ ಕಡಿಮೆ, ಆದ್ದರಿಂದ ಮಾರುವ ಆಸೆಗೆ ದೊಡ್ಡದು ಹಾಕಿಸುವುದರಲ್ಲಿ ಹುರುಳಿಲ್ಲ. ಮಂಜೂರಾದ ಲೋಡ್ ಮೇಲಿನ ನಿಗದಿತ ಶುಲ್ಕವೂ ಉಳಿದೇ ಇರುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಅದು ಕಿಲೋವ್ಯಾಟ್‌ಗೆ 145 ರೂಪಾಯಿ, ಯೂನಿಟ್ ದರ 5.80 ರೂಪಾಯಿ ಇತ್ತು.

ಪಿಎಂ ಸೂರ್ಯಘರ್ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. 3 ಕಿಲೋವ್ಯಾಟ್ ದಾಟಿದರೂ ಅಷ್ಟೇ. ದೇಶದಲ್ಲೇ ತಯಾರಾದ ಸೆಲ್‌ಗಳ ಪ್ಯಾನೆಲ್ ಆಗಿರಬೇಕು, ನೋಂದಾಯಿತ ಏಜೆನ್ಸಿಯೇ ಹಾಕಬೇಕು. ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಯಾವುದರ ಸಾಮರ್ಥ್ಯ ಕಡಿಮೆಯೋ ಅದರ ಮೇಲೆ ಲೆಕ್ಕ. ಹಣ ಬರುವುದು ಕೆಲಸ ಮುಗಿದು, ನೆಟ್ ಮೀಟರ್ ಕೂತು, ತಪಾಸಣೆಯಾದ ಮೇಲೆ, ನಿಮ್ಮ ಖಾತೆಗೆ. ಅಲ್ಲಿಯವರೆಗೆ ಪೂರ್ತಿ ಮೊತ್ತ ನಿಮ್ಮ ಕೈಯಿಂದ ಅಥವಾ ಬ್ಯಾಂಕ್ ಸಾಲದಿಂದ ಹೋಗಿರುತ್ತದೆ.

ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನಲ್ಲಿ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ತೀರಿಕೊಂಡ ತಂದೆಯ ಹೆಸರಲ್ಲಿ, ಅರ್ಜಿ ಮಗನ ಹೆಸರಲ್ಲಿ ಇದ್ದರೆ ಮುಂದೆ ಹೋಗದು. ಮೀಟರ್ ಹೆಸರು ಬದಲಾವಣೆಯನ್ನು ಮೊದಲು ಮುಗಿಸಿಕೊಳ್ಳಿ.

ಒಟ್ಟು ಖರ್ಚು 2 ಲಕ್ಷ ಎಂದಿಟ್ಟುಕೊಂಡರೆ ಸಬ್ಸಿಡಿ ಕಳೆದು 1.22 ಲಕ್ಷ. ವರ್ಷಕ್ಕೆ 4,300 ಯೂನಿಟ್ ಉತ್ಪತ್ತಿಯಾಗಿ, ಎಲ್ಲವೂ ನಿಮ್ಮ ಬಳಕೆಗೇ ಹೊಂದಿಕೆಯಾದರೆ ಆ ದರದಲ್ಲಿ ಸುಮಾರು 25,000 ರೂಪಾಯಿ ಉಳಿಯುತ್ತದೆ. ಹಾಕಿದ ಹಣ ಐದು ವರ್ಷದಲ್ಲಿ ಮರಳುತ್ತದೆ. ಬಳಕೆ ಕಡಿಮೆಯಿದ್ದರೆ ಇನ್ನೂ ತಡ.

ಹಾಕಿದ ಮೇಲೆ

3 ಕಿಲೋವ್ಯಾಟ್ ಹಾಕಿಸಿದರೂ ಇನ್ವರ್ಟರ್ 3 ತೋರಿಸುವುದು ಅಪರೂಪ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಸೆಲ್ 25 ಡಿಗ್ರಿ ಇದ್ದಾಗಿನದು. ಬಿಸಿಲಲ್ಲಿ ಸೆಲ್ 60 ಡಿಗ್ರಿ ಮುಟ್ಟಿದರೆ, ಮೋನೋ ಪರ್ಕ್ ಮಾದರಿಯಲ್ಲಿ ಡಿಗ್ರಿಗೆ ಶೇಕಡ 0.35ರಂತೆ, ಶೇಕಡ 12ರಷ್ಟು ಹೋಗುತ್ತದೆ. ಟಾಪ್‌ಕಾನ್ ಮಾದರಿಯಲ್ಲಿ ಸ್ವಲ್ಪ ಕಡಿಮೆ. ಮಧ್ಯಾಹ್ನ 2.3ರಿಂದ 2.6 ಕಂಡರೆ ಸರಿಯಾಗಿದೆ ಎಂದೇ ಅರ್ಥ. ಪ್ಯಾನೆಲ್ ಅಡಿಯಲ್ಲಿ ಗಾಳಿಯಾಡಲು ಜಾಗವಿದ್ದಷ್ಟೂ ಒಳ್ಳೆಯದು.

ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ಬೆಳಗಿನ ಜಾವ ಅಥವಾ ಸಂಜೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಗಡಸು ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ, ಮಳೆನೀರು ಅಥವಾ ನದಿನೀರು ಮೇಲು. ಮೆತ್ತನೆಯ ಮಾಪ್ ಸಾಕು, ಸೋಪಿನ ಪುಡಿ, ಗಡುಸು ಬ್ರಷ್ ಬೇಡ. ಮೇಲೆ ಹತ್ತಿ ನಿಲ್ಲಬೇಡಿ: ಗಾಜು ಒಡೆಯದಿದ್ದರೂ ಒಳಗಿನ ಸೆಲ್ ಕಣ್ಣಿಗೆ ಕಾಣದಂತೆ ಬಿರಿಯುತ್ತದೆ. ಪಾರಿವಾಳ ಅಡಿಯಲ್ಲಿ ಗೂಡು ಕಟ್ಟುವ ಕಡೆ ಸುತ್ತ ಬಲೆ ಹಾಕಿಸಿ.

ಪ್ಯಾನೆಲ್‌ಗಳ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ, ವಾರಂಟಿ ಕೇಳುವುದು ಅದರಿಂದಲೇ. ಯೋಜನೆಯಡಿ ಹಾಕಿದ ಏಜೆನ್ಸಿ ಐದು ವರ್ಷ ನಿರ್ವಹಣೆ ಮಾಡಬೇಕು. ತಿಂಗಳಿಗೊಮ್ಮೆ ಇನ್ವರ್ಟರಿನ ಒಟ್ಟು ಯೂನಿಟ್, ಮೀಟರಿನ ಆಮದು, ರಫ್ತು ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಕಳೆದ ವರ್ಷದ ಅದೇ ತಿಂಗಳಿಗಿಂತ ಐದನೇ ಒಂದು ಭಾಗ ಕಡಿಮೆಯಾದರೆ ಮೊದಲು ಧೂಳು, ಆಮೇಲೆ ಹೊಸ ನೆರಳು, ಆಮೇಲೆ ಕನೆಕ್ಟರ್ ನೋಡಿಸಬೇಕು.

ರಿಪೇರಿಗೆ ಆಫ್ ಮಾಡುವಾಗ ಮೊದಲು ಎಸಿ ಸ್ವಿಚ್, ನಂತರ ಡಿಸಿ ಸ್ವಿಚ್. ಎರಡೂ ಆಫ್ ಆದ ಮೇಲೂ ಹಗಲಲ್ಲಿ ಪ್ಯಾನೆಲ್‌ನಿಂದ ಡಿಸಿ ಸ್ವಿಚ್‌ವರೆಗಿನ ಕೇಬಲ್‌ನಲ್ಲಿ 300 ವೋಲ್ಟ್ ಇದ್ದೇ ಇರುತ್ತದೆ. ಬೆಂಕಿ ಅನಾಹುತವಾದರೆ ಅಗ್ನಿಶಾಮಕ ದಳದವರಿಗೆ ತಾರಸಿಯಲ್ಲಿ ಸೋಲಾರ್ ಇರುವುದನ್ನು ಮೊದಲೇ ಹೇಳಬೇಕು.